ನಮ್ಮನೆಯವರ ಕೊನೆಯ ಟ್ಯಾಕ್ಸ್ ರಿಟರ್ನ್: ಗೊತ್ತಿಲ್ಲದ ಆದಾಯದ ಲೆಕ್ಕ ಹುಡುಕಿದ ಕಥೆ

ಗಂಡ ತೀರಿಕೊಂಡ ವರ್ಷದ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಯಾರು ಹಾಕಬೇಕು? ಹಾಕಲೇಬೇಕಾ? ಅವರಿಗೆ ಎಷ್ಟು ಬರುತ್ತಿತ್ತು ಅಂತಲೇ ಗೊತ್ತಿಲ್ಲದಿದ್ದರೆ ಅದರಲ್ಲಿ ಏನು ಬರೆಯೋದು? ಈ ಮೂರು ಪ್ರಶ್ನೆ ಹಿಡಿದುಕೊಂಡು ಹಾಸನದಲ್ಲಿ ನಾನು ಕೇಳದವರಿಲ್ಲ. ಒಬ್ಬೊಬ್ಬರದು ಒಂದೊಂದು ಉತ್ತರ. ‘ಹೋದವರಿಗೆ ಎಂಥ ಟ್ಯಾಕ್ಸು, ಸುಮ್ನಿರಿ’ ಅಂದವರೇ ಜಾಸ್ತಿ. ಈಗ ರಿಟರ್ನ್ ಹಾಕಿ, ಅದು ಸರಿಯಿದೆ ಅಂತ ಇಲಾಖೆಯಿಂದ ಮೇಲ್ ಕೂಡ ಬಂದಿದೆ. ನನ್ನ ಹಾಗೆ ಅಲೆಯುತ್ತಿರುವವರು ಇನ್ನೂ ಇರ್ತಾರೆ, ಅವರಿಗೆ ಸ್ವಲ್ಪ ದಾರಿ ಕಾಣಲಿ ಅಂತ ಬರೆಯುತ್ತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಹಾಕಬೇಕು. ಏಪ್ರಿಲ್ 1ರಿಂದ ತೀರಿಕೊಂಡ ದಿನದವರೆಗಿನ ಆದಾಯ ತೆರಿಗೆಯ ಮಿತಿ ದಾಟಿದ್ದರೆ ವಾರಸುದಾರರು ಹಾಕಲೇಬೇಕು. ಆ ವರ್ಷ ಕಟ್ ಆಗಿರುವ ಟಿಡಿಎಸ್ (ನಮಗೆ ಹಣ ಕೊಡುವವರು ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) 25 ಸಾವಿರ ಮುಟ್ಟಿದ್ದರೂ ಹಾಕಬೇಕು. ಅರ್ಧ ವರ್ಷವೇ ಬದುಕಿದ್ದರು ಅಂತ ಮಿತಿ ಅರ್ಧ ಆಗುವುದಿಲ್ಲ, ಇಡೀ ವರ್ಷದ ಮಿತಿಯೇ ಸಿಗುತ್ತದೆ. ಇನ್ನು ಗೊತ್ತಿಲ್ಲದ ಆದಾಯದ ಮಾತು. ಅದನ್ನು ಊಹೆ ಮಾಡಿ ಬರೆಯುವ ಹಾಗಿಲ್ಲ, ಬರೆಯದೆ ಬಿಡುವ ಹಾಗೂ ಇಲ್ಲ. ಹುಡುಕಬೇಕು.

ನಮ್ಮನೆಯವರು ಎಲೆಕ್ಟ್ರಿಕಲ್ ಕಂಟ್ರಾಕ್ಟರ್. ಮನೆ ವೈರಿಂಗ್, ಸಣ್ಣ ಫ್ಯಾಕ್ಟರಿಗಳ ಪ್ಯಾನಲ್ ಬೋರ್ಡ್, ತೋಟಗಳ ಮೋಟರ್ ಕೆಲಸ ಮಾಡಿಸುತ್ತಿದ್ದರು. ಜೊತೆಗೆ ಜೀವವಿಮೆ ಏಜೆಂಟ್ ಕೂಡ ಆಗಿದ್ದರು. ಸಕಲೇಶಪುರ ತಾಲ್ಲೂಕಿನಲ್ಲಿ ಮಾವನವರ ಕಾಲದ ಕಾಫಿ ತೋಟವಿದೆ, ಅದನ್ನು ಮೈದುನ ನೋಡಿಕೊಳ್ಳುತ್ತಾನೆ. ನಾನು ಹಾಸನದ ಒಂದು ಅನುದಾನಿತ ಶಾಲೆಯಲ್ಲಿ ಟೀಚರ್. ನನ್ನ ಸಂಬಳ ಎಷ್ಟು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವರದ್ದು ಎಷ್ಟು ಅಂತ ನಾನು ಕೇಳಿದವಳಲ್ಲ, ಅವರು ಹೇಳಿದವರಲ್ಲ. ಮಗಳ ಫೀಸ್, ಮನೆ ಸಾಲದ ಕಂತು, ದಿನಸಿ ಯಾವುದೂ ನಿಂತಿರಲಿಲ್ಲ. ಹಾಗಾಗಿ ಕೇಳುವ ಪ್ರಸಂಗವೇ ಬರಲಿಲ್ಲ. ನಮ್ಮಲ್ಲಿ ಎಷ್ಟೋ ಮನೆ ಹೀಗೇ ನಡೆಯುತ್ತದೆ, ಅಲ್ವಾ?

ಅವರು ಹೋಗಿದ್ದು 2024ರ ಅಕ್ಟೋಬರ್ ಮೊದಲ ವಾರದಲ್ಲಿ. ಹೃದಯಾಘಾತ. ಆ ವಿಷಯ ಇಲ್ಲಿ ಬರೆಯುವುದಿಲ್ಲ.

ಮೊದಲು ಕೈಗೆ ಬೇಕಾದದ್ದು ಮರಣ ಪ್ರಮಾಣಪತ್ರ. 21 ದಿನದೊಳಗೆ ನೋಂದಣಿ ಆದರೆ ತೊಂದರೆ ಇಲ್ಲ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಅವರೇ ಮಾಹಿತಿ ಕಳಿಸುತ್ತಾರೆ. ಆದರೆ ಹೆಸರು ಬರೆಸುವಾಗ ಹತ್ತಿರದವರು ಒಬ್ಬರು ಪಕ್ಕದಲ್ಲಿರಬೇಕು. ನಮ್ಮ ಕಡೆ ಹೆಸರಿನ ಹಿಂದೆ ಇನಿಷಿಯಲ್ ಇರುತ್ತದೆ. ಆಧಾರ್‌ನಲ್ಲಿ ಇನಿಷಿಯಲ್ ಇರುತ್ತದೆ, ಪ್ಯಾನ್ ಕಾರ್ಡಿನಲ್ಲಿ ಅದನ್ನೇ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸೇರಿಸಿಬಿಟ್ಟಿರುತ್ತಾರೆ. ಪ್ರಮಾಣಪತ್ರದಲ್ಲಿ ಯಾವುದು ಬಂತು ಅನ್ನೋದು ಆ ದಿನ ಯಾರಿಗೂ ಮುಖ್ಯ ಅನ್ನಿಸುವುದಿಲ್ಲ. ಆರು ತಿಂಗಳು ಕಳೆದ ಮೇಲೆ ಅದೇ ಕುತ್ತಿಗೆಗೆ ಬರುತ್ತದೆ. ನನಗೆ ಹೇಗೆ ಬಂತು ಅಂತ ಮುಂದೆ ಹೇಳುತ್ತೇನೆ.

ಆಮೇಲೆ ನಾಡಕಚೇರಿ. ಅಲ್ಲಿ ವಂಶವೃಕ್ಷಕ್ಕೂ, ಬದುಕಿರುವ ಕುಟುಂಬದ ಸದಸ್ಯರ ಪತ್ರಕ್ಕೂ ಅರ್ಜಿ ಹಾಕಿದೆ. ಛಾಪಾ ಕಾಗದದ ಮೇಲೆ ಅಫಿಡವಿಟ್, ರೇಷನ್ ಕಾರ್ಡ್, ಎಲ್ಲರ ಆಧಾರ್ ಬೇಕು. ನಾನು ನನ್ನ ಮತ್ತು ಮಗಳ ಕಾಗದ ಹಿಡಿದು ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ‘ಅವರ ತಾಯಿ ಇದ್ದಾರಾ ಮೇಡಂ?’ ಅಂತ ಕೇಳಿದಳು. ಇದ್ದಾರೆ, ತೋಟದ ಮನೆಯಲ್ಲಿ ಮೈದುನನ ಜೊತೆ. ಹಿಂದೂ ಉತ್ತರಾಧಿಕಾರ ಕಾನೂನಿನಲ್ಲಿ ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಹೆಂಡತಿ, ಮಕ್ಕಳ ಜೊತೆ ತಾಯಿಯೂ ಸಮಾನ ವಾರಸುದಾರರು. ಅವರ ಆಧಾರ್ ತರಿಸಿ ಹೆಸರು ಸೇರಿಸಿದೆವು. ಆಗ ದೀಪಾವಳಿ ಸಮಯ, ಹಾಸನಾಂಬೆಯ ಬಾಗಿಲು ತೆರೆದಿತ್ತು. ವರ್ಷಕ್ಕೊಮ್ಮೆ ತೆರೆಯುವ ದೇವಸ್ಥಾನ, ಊರ ತುಂಬ ಜನ. ಕಂದಾಯದವರು, ಪೊಲೀಸರು ಎಲ್ಲರಿಗೂ ಅಲ್ಲೇ ಡ್ಯೂಟಿ. ಬಾಗಿಲು ಹಾಕಿದ ಮೇಲೆ ಗ್ರಾಮ ಆಡಳಿತ ಅಧಿಕಾರಿ ಮನೆಗೆ ಬಂದು, ಅಕ್ಕಪಕ್ಕದವರ ಹತ್ತಿರ ಸಹಿ ಮಾಡಿಸಿಕೊಂಡು ವರದಿ ಕಳಿಸಿದರು. ಅಂತೂ ಪತ್ರ ಬಂತು.

ಈ ನಡುವೆ ಅವರ ಫೋನ್ ನನ್ನ ಹತ್ತಿರವೇ ಇತ್ತು. ‘ಇನ್ನೇನು ಮಾಡ್ತೀಯ, ಸಿಮ್ ಕ್ಲೋಸ್ ಮಾಡಿಸು’ ಅಂತ ಅಣ್ಣ ಹೇಳಿದ. ನಾನು ಮಾಡಿಸಲಿಲ್ಲ, ತಿಂಗಳ ರೀಚಾರ್ಜ್ ಹಾಕುತ್ತಾ ಬಂದೆ. ದಯವಿಟ್ಟು ನೀವೂ ಒಂದು ವರ್ಷ ಹಾಗೇ ಇಟ್ಟುಕೊಳ್ಳಿ. ಅದಕ್ಕೆ ಬಂದ ಒಟಿಪಿ ಬಳಸಿ ಅವರ ಖಾತೆಗೆ ಕೈ ಹಾಕಿ ಅಂತ ಹೇಳುತ್ತಿಲ್ಲ. ಅದು ತಪ್ಪು, ಆಮೇಲೆ ಬೇರೆ ವಾರಸುದಾರರ ಮುಂದೆ ಉತ್ತರ ಕೊಡಬೇಕಾಗುತ್ತದೆ. ಆದರೆ ಯಾವ ಬ್ಯಾಂಕಿನಿಂದ ಮೆಸೇಜ್ ಬರುತ್ತಿದೆ, ಯಾವ ಪಾಲಿಸಿಯ ಕಂತಿನ ನೆನಪೋಲೆ ಬರುತ್ತಿದೆ, ಯಾರು ‘ಅಣ್ಣ, ಬಾಕಿ ನಾಳೆ ಹಾಕ್ತೀನಿ’ ಅಂತ ವಾಟ್ಸಾಪ್ ಮಾಡಿದ್ದಾರೆ, ಎಲ್ಲ ಅಲ್ಲೇ ಸಿಗುತ್ತದೆ. ಮೂರನೇ ಬ್ಯಾಂಕಿನಲ್ಲಿ ಅವರಿಗೆ ಖಾತೆ ಇದೆ ಅಂತ ನನಗೆ ಗೊತ್ತಾಗಿದ್ದು ಬಡ್ಡಿ ಜಮಾ ಆದ ಒಂದು ಮೆಸೇಜಿನಿಂದ.

ಇನ್ನು ಕೆಲವು ಸಂಗತಿ ಫೋನಿಗೂ ಗೊತ್ತಿರಲಿಲ್ಲ. ತಿಥಿ ಕಳೆದ ಮೇಲೆ ಪಿಗ್ಮಿ ಕಲೆಕ್ಟರ್ ಮನೆಗೆ ಬಂದರು. ‘ಮೇಡಂ, ಸರ್ ದಿನಾ ಪಿಗ್ಮಿ ಕಟ್ತಿದ್ರು, ನಿಮಗೆ ಹೇಳಿರ್ಲಿಲ್ವಾ?’ ಅಂದರು. ಹೇಳಿರಲಿಲ್ಲ. ಪತ್ತಿನ ಸಹಕಾರ ಸಂಘ ಒಂದರಲ್ಲಿ ಪಿಗ್ಮಿ, ಅದು ತುಂಬಿದಾಗಲೆಲ್ಲ ಅಲ್ಲೇ ಎಫ್‌ಡಿ. ಇನ್ನೊಬ್ಬರು ಬಂದು ಇವರು ತಮಗೆ ಕೊಡಬೇಕಾದ ಕೈಸಾಲದ ಲೆಕ್ಕ ಹೇಳಿದರು. ಇವರಿಗೆ ಕೊಡಬೇಕಾದವರು ಯಾರೂ ತಾವಾಗಿ ಬರಲಿಲ್ಲ. ಅದು ಲೋಕರೂಢಿ.

ಬ್ಯಾಂಕಿನ ವಿಷಯಕ್ಕೆ ಬರ್ತೀನಿ. ನನಗೆ ಬೇಕಿದ್ದದ್ದು ಹಣವಲ್ಲ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಸ್ಟೇಟ್‌ಮೆಂಟ್ ಮತ್ತು ಬಡ್ಡಿ ಸರ್ಟಿಫಿಕೇಟ್. ಒಂದು ಕಡೆ ಕ್ಲೇಮ್ ಫಾರಂ ಕೊಟ್ಟ ದಿನವೇ ಕೊಟ್ಟರು. ಇನ್ನೊಂದು ಕಡೆ ‘ಖಾತೆ ಅವರದ್ದು, ಕ್ಲೇಮ್ ಇತ್ಯರ್ಥ ಆಗುವವರೆಗೆ ವಿವರ ಕೊಡಕ್ಕಾಗಲ್ಲ’ ಅಂದರು. ನಾಮಿನಿ ನಾನೇ ಅಂದೆ. ಮೇಲಿನವರನ್ನು ಕೇಳಬೇಕು ಅಂದರು. ತಿಂಗಳುಗಟ್ಟಲೆ ಕೇಳುತ್ತಲೇ ಇದ್ದರು. ಕೊನೆಗೆ ಬಾಯಿಮಾತು ಬಿಟ್ಟು ಕಾಗದದಲ್ಲಿ ಬರೆದುಕೊಟ್ಟೆ. ‘ಇಂಥವರ ಪತ್ನಿ, ನಾಮಿನಿ ಮತ್ತು ವಾರಸುದಾರಳು. 1961ರ ಆದಾಯ ತೆರಿಗೆ ಕಾನೂನಿನ 159ನೇ ಸೆಕ್ಷನ್ ಪ್ರಕಾರ ಅವರ ರಿಟರ್ನ್ ಹಾಕುವ ಹೊಣೆ ನನ್ನದು, ಅದಕ್ಕೆ ಈ ಅವಧಿಯ ವಿವರ ಬೇಕು.’ ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಂಡೆ. ಆ ವಾರವೇ ಸ್ಟೇಟ್‌ಮೆಂಟ್ ಬಂತು. ಸೀಲು ಬಿದ್ದ ಕಾಗದಕ್ಕೆ ಇರುವ ಬೆಲೆ ನಮ್ಮ ಅಳುವಿಗಿಲ್ಲ.

ಆ 159ನೇ ಸೆಕ್ಷನ್ ನನಗೆ ಹೇಳಿಕೊಟ್ಟವರು ಬಿ.ಎಂ. ರಸ್ತೆಯ ಒಬ್ಬ ಆಡಿಟರ್. ಅವರ ಹತ್ತಿರ ಹೋಗುವ ಮುಂಚೆ ಒಂದು ಪ್ರಸಂಗ ನಡೆಯಿತು. ನಮ್ಮನೆಯವರ ರಿಟರ್ನ್ ಪ್ರತಿ ವರ್ಷ ತುಂಬಿಕೊಡುತ್ತಿದ್ದ ಒಬ್ಬರಿದ್ದರು. ಫೋನ್ ಮಾಡಿದರೆ ‘ಪಾಸ್‌ವರ್ಡ್ ನನ್ನತ್ರನೇ ಇದೆ ಮೇಡಂ. ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ನಂಬರೂ ನಂದೇ ಕೊಟ್ಟಿರೋದು. ಹೋದ ವರ್ಷದ ಥರಾನೇ ಹಾಕಿಬಿಡ್ತೀನಿ, ಐನೂರು ಕೊಟ್ಬಿಡಿ’ ಅಂದರು. ಎಷ್ಟು ಸುಲಭ ನೋಡಿ! ಒಂದು ಕ್ಷಣ ಹೂಂ ಅನ್ನೋಣ ಅನ್ನಿಸಿತು. ಆದರೆ ರಿಟರ್ನಿನ ಕೊನೆಯಲ್ಲಿ ‘ನಾನು ಇಂಥವನು, ಇದೆಲ್ಲ ಸತ್ಯ’ ಅಂತ ದೃಢೀಕರಣ ಇರುತ್ತದೆ. ಇಲ್ಲದವರ ಹೆಸರಲ್ಲಿ, ಬದುಕಿದ್ದಾರೆ ಅನ್ನುವ ಹಾಗೆ ಅದನ್ನು ಕೊಡೋದು ನನಗೆ ಆಗಲಿಲ್ಲ. ಕಾನೂನಿನಲ್ಲೂ ಅದು ನಿಲ್ಲುವುದಿಲ್ಲ. ಪಾಸ್‌ವರ್ಡ್ ಇದ್ದರೂ ಬಳಸಬೇಡಿ. ನಿಮ್ಮ ಕಡೆಯವರ ಪೋರ್ಟಲ್ ಖಾತೆಗೆ ಯಾರ ಮೊಬೈಲ್ ನಂಬರ್ ಜೋಡಿಸಿದೆ ಅಂತ ಈಗಲೇ, ಎಲ್ಲರೂ ಚೆನ್ನಾಗಿರುವಾಗಲೇ ನೋಡಿಕೊಳ್ಳಿ. ಇಲಾಖೆಯ ನೋಟಿಸೆಲ್ಲ ಅದಕ್ಕೇ ಹೋಗುತ್ತದೆ.

ಆಡಿಟರ್ ಹತ್ತಿರ ನಾನು ಮೊದಲು ಕೇಳಿದ್ದೇ ‘ಲೆಕ್ಕ ಹೆಚ್ಚುಕಮ್ಮಿ ಆದರೆ ನನ್ನ ಸಂಬಳಕ್ಕೆ ಕೈ ಹಾಕ್ತಾರಾ ಸರ್?’ ಅಂತ. ಅವರು ನಕ್ಕರು. ವಾರಸುದಾರರ ಹೊಣೆ ತೀರಿಕೊಂಡವರು ಬಿಟ್ಟುಹೋದ ಆಸ್ತಿಯ ಮಟ್ಟಕ್ಕೆ ಮಾತ್ರ. ಅದಕ್ಕಿಂತ ಜಾಸ್ತಿ ತೆರಿಗೆ ಬಂದರೂ ನಮ್ಮ ಸ್ವಂತ ದುಡಿಮೆಯಿಂದ ಕಟ್ಟಬೇಕಿಲ್ಲ. ಆದರೆ ತೆರಿಗೆ ಬಾಕಿ ಇರುವಾಗಲೇ ಆ ಆಸ್ತಿ ಮಾರಿದರೆ, ಹಂಚಿಬಿಟ್ಟರೆ, ಅಷ್ಟರ ಮಟ್ಟಿಗೆ ನಾವೇ ಜವಾಬ್ದಾರರು. ಎಫ್‌ಡಿ ಒಡೆಸಿ ಎಲ್ಲರಿಗೂ ಪಾಲು ಕೊಡುವ ಅವಸರ ಬೇಡ ಅಂತ ಅವರು ಹೇಳಿದ್ದು ಅದಕ್ಕೇ.

ಕೆಲಸ ಶುರುವಾಗುವುದು ಪೋರ್ಟಲ್‌ನಲ್ಲಿ ನಾವು ವಾರಸುದಾರರು ಅಂತ ನೋಂದಣಿ ಮಾಡಿಸಿಕೊಳ್ಳುವುದರಿಂದ. ನಮ್ಮದೇ ಲಾಗಿನ್‌ನಲ್ಲಿ ‘ಪ್ರತಿನಿಧಿಯಾಗಿ ನೋಂದಣಿ’ ಅನ್ನುವ ಕಡೆ ಹೋಗಿ, ತೀರಿಕೊಂಡವರ ವರ್ಗ ಆರಿಸಬೇಕು. ಅವರ ಪ್ಯಾನ್, ನಮ್ಮ ಪ್ಯಾನ್, ಮರಣ ಪ್ರಮಾಣಪತ್ರ, ವಾರಸುದಾರಿಕೆಯ ಪುರಾವೆ ಇಷ್ಟನ್ನು ಅಪ್‌ಲೋಡ್ ಮಾಡಬೇಕು. ಒಂದು ಫೈಲು 5 ಎಂಬಿ ಮೀರಬಾರದು. ಪುರಾವೆಗೆ ಕೋರ್ಟಿನ ಪತ್ರವೇ ಬೇಕು ಅಂತ ಎಷ್ಟೋ ಜನ ಹೆದರಿಸುತ್ತಾರೆ, ಬೇಕಿಲ್ಲ. ಕಂದಾಯ ಇಲಾಖೆಯ ಕುಟುಂಬ ಸದಸ್ಯರ ಪತ್ರ ನಡೆಯುತ್ತದೆ. ನೋಂದಾಯಿತ ವಿಲ್ ನಡೆಯುತ್ತದೆ. ಸರ್ಕಾರಿ ನೌಕರರಾಗಿದ್ದರೆ ಕುಟುಂಬ ಪಿಂಚಣಿಯ ಪತ್ರ ನಡೆಯುತ್ತದೆ. ಬ್ಯಾಂಕಿನವರು ತಮ್ಮ ಲೆಟರ್‌ಹೆಡ್ಡಿನಲ್ಲಿ ನಾಮಿನಿ ಅಥವಾ ಜಂಟಿ ಖಾತೆದಾರರು ಯಾರು ಅಂತ ಬರೆದು ಸೀಲು ಹಾಕಿ ಕೊಟ್ಟರೂ ಸಾಕು. ಟ್ಯಾಕ್ಸ್ ಕೆಲಸಕ್ಕೆ ಮಾತ್ರ ಅಂತಾದರೆ ಈ ಬ್ಯಾಂಕ್ ಪತ್ರವೇ ಬೇಗ ಸಿಗುವ ದಾರಿ. ನನಗೆ ತೋಟದ ಖಾತೆ ಬದಲಾವಣೆಗೂ ಬೇಕಿತ್ತು ಅಂತ ನಾಡಕಚೇರಿಯ ಪತ್ರ ಮಾಡಿಸಿದ್ದೆ.

ಇಲ್ಲಿ ಎರಡು ಕಡೆ ಎಡವಿದೆ. ನನ್ನ ಪತ್ರ ಕನ್ನಡದಲ್ಲಿತ್ತು. ಪೋರ್ಟಲ್‌ಗೆ ಇಂಗ್ಲಿಷ್ ಅಥವಾ ಹಿಂದಿ ಬೇಕು, ಅದೂ ನೋಟರಿ ಆದ ಅನುವಾದ. ಕನ್ನಡ ನಾಡಿನ ಸರ್ಕಾರಿ ಸೀಲು ಇರುವ ಕಾಗದಕ್ಕೆ ಇನ್ನೊಂದು ಸೀಲು! ಕೋರ್ಟಿನ ಹತ್ತಿರದ ಟೈಪಿಂಗ್ ಅಂಗಡಿಯಲ್ಲಿ ಅನುವಾದ ಮಾಡಿಸಿ ನೋಟರಿ ಮಾಡಿಸಿದೆ. ಇನ್ನೊಂದು ಆ ಹೆಸರಿನ ರಗಳೆ. ಮರಣ ಪ್ರಮಾಣಪತ್ರದಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ಉದ್ದದ ಹೆಸರು. ಹೆಸರು ತಾಳೆಯಾಗುತ್ತಿಲ್ಲ ಅಂತ ಕೋರಿಕೆ ತಿರಸ್ಕಾರವಾಯಿತು. ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ, ಅದನ್ನು ಪ್ರಮಾಣಪತ್ರದ ಜೊತೆ ಒಂದೇ ಪಿಡಿಎಫ್ ಮಾಡಿ ಮತ್ತೆ ಹಾಕಿದೆ. ಒಂದು ವಾರದ ಆಸುಪಾಸಿನಲ್ಲಿ ಒಪ್ಪಿಗೆ ಬಂತು. ತಿರಸ್ಕಾರ ಆದರೆ ಗಾಬರಿ ಬೇಡ. ಕಾರಣ ಅಲ್ಲೇ ಬರೆದಿರುತ್ತದೆ, ಸರಿಮಾಡಿ ಮತ್ತೆ ಹಾಕಬಹುದು.

ಒಪ್ಪಿಗೆ ಬಂದ ಮೇಲೆ ನಮ್ಮ ಲಾಗಿನ್ ಒಳಗಿಂದಲೇ ಅವರ ಪ್ಯಾನ್‌ಗೆ ದಾಟಿಕೊಳ್ಳಬಹುದು. ಅಲ್ಲಿರುವ ಎರಡು ಕಾಗದ ಮುಖ್ಯ. ಒಂದು 26ಎಎಸ್, ಯಾರು ಎಷ್ಟು ಟಿಡಿಎಸ್ ಕಟ್ ಮಾಡಿದ್ದಾರೆ ಅಂತ ತೋರಿಸುತ್ತದೆ. ಇನ್ನೊಂದು ಎಐಎಸ್, ಅಂದರೆ ವರ್ಷದ ಮಾಹಿತಿ ಪಟ್ಟಿ. ಬ್ಯಾಂಕ್ ಬಡ್ಡಿ, ಡಿವಿಡೆಂಡ್, ಷೇರು ಮಾರಾಟ, ದೊಡ್ಡ ಮೊತ್ತದ ವ್ಯವಹಾರ ಎಲ್ಲ ಅದರಲ್ಲಿ ಬರುತ್ತದೆ. ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಬೇಕು. ಪ್ಯಾನ್ ನಂಬರು ಸಣ್ಣ ಅಕ್ಷರದಲ್ಲಿ, ಅದಕ್ಕೆ ಅಂಟಿಕೊಂಡು ಹುಟ್ಟಿದ ದಿನ, ತಿಂಗಳು, ವರ್ಷ. ರಾತ್ರಿ ಮಗಳು ಮಲಗಿದ ಮೇಲೆ ಅವರ ಹುಟ್ಟಿದ ದಿನ ಟೈಪ್ ಮಾಡಿ ತೆರೆದೆ. ಇಪ್ಪತ್ತು ವರ್ಷ ಜೊತೆಗಿದ್ದವರ ಬಗ್ಗೆ ಗೊತ್ತಿಲ್ಲದ್ದನ್ನೆಲ್ಲ ಸರ್ಕಾರದ ಪಟ್ಟಿ ಓದಿ ತಿಳಿದುಕೊಳ್ಳೋದು ವಿಚಿತ್ರ ಅನುಭವ. ಸ್ವಲ್ಪ ಸಿಟ್ಟೂ ಬಂತು, ಸುಳ್ಳು ಹೇಳಲ್ಲ.

ವಿಮೆ ಕಮಿಷನ್ ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇತ್ತು. ಎರಡು ಕಂಪನಿಗಳು ಕಂಟ್ರಾಕ್ಟ್ ಬಿಲ್ಲಿನಲ್ಲಿ 1 ಪರ್ಸೆಂಟ್ ಟಿಡಿಎಸ್ ಕಟ್ ಮಾಡಿದ್ದವು. ಅಂದರೆ ಟಿಡಿಎಸ್ ಸಾವಿರ ರೂಪಾಯಿ ಇದ್ದರೆ ಬಿಲ್ಲು ಒಂದು ಲಕ್ಷ. ಹೀಗೆ ಟಿಡಿಎಸ್ ಹಿಡಿದು ಹಿಂದಕ್ಕೆ ಹೋದರೆ ಆದಾಯ ಸಿಗುತ್ತದೆ. ಡಿವಿಡೆಂಡ್ ಅಂತ ಕೆಲವು ನೂರು ರೂಪಾಯಿಯ ಸಾಲೂ ಇತ್ತು. ಅದರ ಬಾಲ ಹಿಡಿದು ಹೋದಾಗ ಅವರಿಗೊಂದು ಡಿಮ್ಯಾಟ್ ಖಾತೆ (ಷೇರು ಇಡುವ ಖಾತೆ) ಇದ್ದದ್ದು ಗೊತ್ತಾಯಿತು. ಅವರ ಇಮೇಲ್‌ಗೆ ಬರುತ್ತಿದ್ದ ಸ್ಟೇಟ್‌ಮೆಂಟಿನಲ್ಲಿ ಯಾವ ಷೇರು, ಎಷ್ಟು ಅಂತೆಲ್ಲ ಇತ್ತು.

ಆದರೆ ಆ ಪಟ್ಟಿಗೆ ಎಲ್ಲ ಗೊತ್ತಿರುತ್ತದೆ ಅಂತ ತಿಳಿಯಬೇಡಿ. ನಮ್ಮ ಪಿಗ್ಮಿ ಸಂಘದ ಬಡ್ಡಿ ಅದರಲ್ಲಿ ಇರಲಿಲ್ಲ. ಸಹಕಾರ ಸಂಘಗಳು ಸದಸ್ಯರಿಗೆ ಕೊಡುವ ಬಡ್ಡಿಗೆ ಸಾಮಾನ್ಯವಾಗಿ ಟಿಡಿಎಸ್ ಕಟ್ ಮಾಡುವುದಿಲ್ಲ. ಟಿಡಿಎಸ್ ಇಲ್ಲ ಅಂದರೆ ತೆರಿಗೆ ಇಲ್ಲ ಅಂತಲ್ಲ. ಸಂಘದ ಕಾರ್ಯದರ್ಶಿ ಹತ್ತಿರ ಬಡ್ಡಿ ವಿವರ ಬರೆಸಿಕೊಂಡು ಬಂದೆ. ಮತ್ತೆ ಮನೆ ವೈರಿಂಗಿನ ನಗದು ದುಡ್ಡು? ಅದು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಅದಕ್ಕೆ ಇದ್ದದ್ದು ಅವರ ಪಾಕೆಟ್ ಡೈರಿ ಒಂದೇ. ನೀಲಿ ರಟ್ಟು, ಅಂಚಿನಲ್ಲಿ ಗ್ರೀಸಿನ ಕಲೆ, ನಡುವೆ ಸಿಕ್ಕಿಸಿಟ್ಟ ಅಂಗಡಿ ಬಿಲ್ಲುಗಳು. ಒಳಗೆ ಸಾಲು ಸಾಲು: ‘ಶೆಟ್ರು ಮಹಡಿ 12 ಬಂ’, ‘ಸಾಲಗಾಮೆ ರೋಡ್ 8, ಬಾಕಿ 3’, ‘ಮೋಟರ್ ತೋಟ 1.5’. ಹನ್ನೆರಡು ಏನು? ಹನ್ನೆರಡು ಸಾವಿರವಾ, ಹನ್ನೆರಡು ನೂರಾ, ಹನ್ನೆರಡು ಪಾಯಿಂಟಾ? ಎಲೆಕ್ಟ್ರಿಕಲ್‌ನವರು ಲೈಟ್ ಪಾಯಿಂಟ್ ಲೆಕ್ಕವನ್ನೂ ಹೀಗೇ ಬರೀತಾರೆ. ಅವರ ಜೊತೆ ಕೆಲಸಕ್ಕಿದ್ದ ಹುಡುಗನನ್ನು ಒಂದು ಭಾನುವಾರ ಕರೆದೆ. ಬಂದವನು ಹೊರಗೇ ನಿಂತಿದ್ದ, ಒಳಗೆ ಬಾರಪ್ಪ ಅಂದ ಮೇಲೆ ಬಂದು ಕೂತ. ಡೈರಿ ಕೈಗೆ ಕೊಟ್ಟೆ. ‘ಅಕ್ಕ, ಅಣ್ಣ ಸಾವಿರದ ಲೆಕ್ಕದಲ್ಲಿ ಸೊನ್ನೆ ಹಾಕ್ತಿರಲಿಲ್ಲ. ಬಂ ಅಂದ್ರೆ ಬಂತು. ಕೆಳಗೆ ಗೆರೆ ಎಳೆದಿದ್ರೆ ಸಾಮಾನು ಸೇರಿ, ಎಳೀದಿದ್ರೆ ಬರೀ ಕೂಲಿ’ ಅಂದ. ಬೆಳಗ್ಗೆ ಕೂತವರು ಊಟದ ಹೊತ್ತಿಗೆ ಆರು ತಿಂಗಳ ಪುಟ ಮುಗಿಸಿದೆವು. ನಾನು ಓದುವುದು, ಅವನು ಹೇಳುವುದು, ಮಗಳು ಲ್ಯಾಪ್‌ಟಾಪಿನಲ್ಲಿ ತುಂಬುವುದು. ‘ಬಾಕಿ’ ಅಂತ ಇದ್ದ ಮೂರು ಮನೆಯವರ ಫೋನ್ ನಂಬರನ್ನೂ ಅವನೇ ಕೊಟ್ಟ. ನಿಮ್ಮವರ ಜೊತೆ ಕೆಲಸ ಮಾಡಿದವರನ್ನು ಖಂಡಿತ ಕೇಳಿ. ಯಾವ ಆಡಿಟರ್‌ಗೂ ಆ ಡೈರಿ ಅರ್ಥ ಆಗುತ್ತಿರಲಿಲ್ಲ.

ಲಾಭ ಎಷ್ಟು ಅನ್ನೋದು ಮುಂದಿನ ಪ್ರಶ್ನೆ. ತಂತಿ, ಸ್ವಿಚ್ಚು, ಕೂಲಿ, ಪೆಟ್ರೋಲ್ ಎಲ್ಲದಕ್ಕೂ ಬಿಲ್ಲು ಎಲ್ಲಿಂದ ತರೋದು? ಇಂಥ ಸಣ್ಣ ವ್ಯವಹಾರಕ್ಕೆ ಕಾನೂನಿನಲ್ಲೇ ಅಂದಾಜು ಲಾಭದ ದಾರಿ ಇದೆ, 1961ರ ಕಾನೂನಿನಲ್ಲಿ 44ಎಡಿ ಸೆಕ್ಷನ್ ಅಂತ. ನಗದಾಗಿ ಬಂದದ್ದರಲ್ಲಿ ಕನಿಷ್ಠ 8 ಪರ್ಸೆಂಟ್, ಬ್ಯಾಂಕಿನ ಮೂಲಕ ಬಂದದ್ದರಲ್ಲಿ ಕನಿಷ್ಠ 6 ಪರ್ಸೆಂಟ್ ಲಾಭ ಅಂತ ತೋರಿಸಿದರೆ ಲೆಕ್ಕದ ಪುಸ್ತಕ ಇಡಬೇಕಿಲ್ಲ. ನಿಜವಾದ ಲಾಭ ಅದಕ್ಕಿಂತ ಜಾಸ್ತಿ ಇದ್ದರೆ ಜಾಸ್ತಿಯೇ ತೋರಿಸಬೇಕು. ಅವರ ಹಿಂದಿನ ವರ್ಷಗಳ ರಿಟರ್ನ್ ಪೋರ್ಟಲ್‌ನಲ್ಲಿ ಸಿಕ್ಕಿತ್ತು. ಅವರು ಕನಿಷ್ಠಕ್ಕಿಂತ ಸಾಕಷ್ಟು ಮೇಲೆಯೇ ತೋರಿಸುತ್ತಾ ಬಂದಿದ್ದರು. ನಾವೂ ಅದೇ ಪ್ರಮಾಣ ಹಿಡಿದೆವು. ಅವರ ಹೆಸರಲ್ಲಿ ನಾನು ಸಹಿ ಹಾಕುವಾಗ ಅವರಿಗಿಂತ ಜಿಪುಣಿ ಆಗೋದು ಬೇಡ ಅನ್ನಿಸಿತು. ವಿಮೆ ಕಮಿಷನ್‌ಗೆ ಮಾತ್ರ ಈ ಅಂದಾಜಿನ ದಾರಿ ಇಲ್ಲ. ಅದಕ್ಕೆ ಖರ್ಚು ಕಳೆದು ಬೇರೆಯಾಗಿ ಲೆಕ್ಕ ಮಾಡಬೇಕು, ಹಾಗಾಗಿ ನಾವು ತುಂಬಬೇಕಾದ ರಿಟರ್ನ್ ಫಾರಂ ಐಟಿಆರ್-3.

ಕಾಫಿಯ ವಿಷಯಕ್ಕೆ ಮೈದುನನ ಹತ್ತಿರ ಮಾತಾಡಬೇಕಾಯಿತು. ಇದು ನನಗೆ ಬ್ಯಾಂಕಿಗಿಂತ ಕಷ್ಟದ ಕೆಲಸ. ‘ಅತ್ತಿಗೆ, ತೋಟದ್ದು ಯಾಕೆ ಅದರಲ್ಲಿ ಹಾಕ್ತೀರಿ? ಕೃಷಿಗೆ ಟ್ಯಾಕ್ಸೇ ಇಲ್ವಲ್ಲ’ ಅಂದ. ಪಾಲಿನ ಮಾತು ಎತ್ತುತ್ತಿದ್ದೀನಿ ಅಂತ ಅವನಿಗೆ ಅನುಮಾನ. ಅವನ ತಪ್ಪಲ್ಲ, ಅಣ್ಣ ತೀರಿಕೊಂಡ ವರ್ಷದಲ್ಲೇ ಕಾಗದ ಕೇಳಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆಡಿಟರ್ ಹೇಳಿದ್ದನ್ನೇ ಹೇಳಿದೆ. ಹಣ್ಣು ಒಣಗಿಸಿ ಚೆರ್ರಿಯಾಗಿ ಮಾರಿದರೆ ಅದು ಪೂರ್ತಿ ಕೃಷಿ ಆದಾಯ, ತೆರಿಗೆ ಇಲ್ಲ. ನಾವೇ ಕ್ಯೂರಿಂಗ್ ಮಾಡಿಸಿ, ಅಂದರೆ ಸಿಪ್ಪೆ ತೆಗೆಸಿ ಹಸನು ಮಾಡಿಸಿ, ಬೀಜ ಮಾರಿದ್ದರೆ ಆ ಆದಾಯದ 25 ಪರ್ಸೆಂಟ್ ವ್ಯಾಪಾರದ ಆದಾಯ ಅಂತ ತೆರಿಗೆಗೆ ಬರುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ 40 ಪರ್ಸೆಂಟ್. ನಮ್ಮದು ಚೆರ್ರಿ. ತೆರಿಗೆ ಇಲ್ಲದಿದ್ದರೂ ರಿಟರ್ನಿನಲ್ಲಿ ತೋರಿಸಲೇಬೇಕು, ಯಾಕೆಂದರೆ ಉಳಿದ ಆದಾಯಕ್ಕೆ ಯಾವ ದರ ಅನ್ನೋದನ್ನು ಇದನ್ನು ಸೇರಿಸಿಯೇ ನೋಡುತ್ತಾರೆ.

ಆಮೇಲೆ ಅವನೇ ಒಂದು ವಿಷಯ ನೆನಪಿಸಿದ. 2024ರ ಮೊದಲಲ್ಲಿ ಕೊಯ್ದ ರೋಬಸ್ಟಾವನ್ನು ದರ ಏರಲಿ ಅಂತ ಗೋದಾಮಿನಲ್ಲಿ ಇಟ್ಟಿದ್ದರಂತೆ. ಆ ವರ್ಷ ದರ ಹಿಂದೆಂದೂ ಇಲ್ಲದಷ್ಟು ಏರಿತ್ತಲ್ಲ. ಮಳೆಗಾಲದಲ್ಲಿ ಮಾರಿ ಅಣ್ಣನ ಪಾಲು ಬ್ಯಾಂಕಿಗೆ ಹಾಕಿದ್ದ. ಸ್ಟೇಟ್‌ಮೆಂಟಿನಲ್ಲಿ ಎಲ್ಲಿಂದ ಬಂತು ಅಂತ ತಿಳಿಯದೆ ನಾವು ಪೆನ್ಸಿಲ್ ಗುರುತು ಹಾಕಿಟ್ಟಿದ್ದ ಎರಡು ದೊಡ್ಡ ಜಮಾ ಅದೇ! ಅದು ಅವರ ಕೃಷಿ ಆದಾಯ. ಅವರು ಹೋದ ಮೇಲೆ ಕೊಯ್ದ ಬೆಳೆ ಅವರ ಲೆಕ್ಕಕ್ಕೆ ಬರುವುದಿಲ್ಲ. ಕೃಷಿ ಆದಾಯ 5 ಲಕ್ಷ ದಾಟಿದ್ದರೆ ಜಮೀನಿನ ಜಿಲ್ಲೆ, ಪಿನ್‌ಕೋಡ್, ಅಳತೆ, ಸ್ವಂತದ್ದಾ ಗೇಣಿಯದ್ದಾ, ನೀರಾವರಿಯಾ ಮಳೆ ಆಧಾರವಾ ಅಂತೆಲ್ಲ ಕೇಳುತ್ತಾರೆ. ಪಹಣಿ ಹತ್ತಿರ ಇಟ್ಟುಕೊಳ್ಳಿ.

ತಲೆ ತುಂಬಾ ಕೆಟ್ಟಿದ್ದು ತಾರೀಕಿನ ಗೆರೆ ಎಳೆಯುವಾಗ. ತೀರಿಕೊಂಡ ದಿನದವರೆಗಿನ ಆದಾಯ ಅವರದ್ದು, ಆಮೇಲಿನದ್ದು ವಾರಸುದಾರರದ್ದು. ಹೇಳಲು ಸುಲಭ. ಆದರೆ ಒಂದು ಬ್ಯಾಂಕಿನಲ್ಲಿ ಕ್ಲೇಮ್ ಮುಗಿಯದೆ ಎಫ್‌ಡಿ ಅವರ ಹೆಸರಲ್ಲೇ ಮಾರ್ಚ್‌ವರೆಗೆ ಇತ್ತು. ಬಡ್ಡಿಯೆಲ್ಲ ಅವರ ಪ್ಯಾನ್‌ಗೆ ಬಿತ್ತು. ನಮ್ಮಿಬ್ಬರದ್ದು ಜಂಟಿ ಎಫ್‌ಡಿ ಅದು. ದಿನದ ಲೆಕ್ಕದಲ್ಲಿ ಬಡ್ಡಿ ಭಾಗ ಮಾಡಿ, ಅಕ್ಟೋಬರ್ ನಂತರದ್ದನ್ನು ನನ್ನ ರಿಟರ್ನಿನಲ್ಲಿ ತೋರಿಸಿದೆವು. ಆ ಭಾಗದ ಟಿಡಿಎಸ್ ನಷ್ಟ ಆಗುವುದಿಲ್ಲ. ಟಿಡಿಎಸ್ ತುಂಬುವ ಜಾಗದಲ್ಲಿ ‘ಬೇರೆಯವರ ಹೆಸರಿನಲ್ಲಿ ಕಟ್ ಆದದ್ದು’ ಅಂತ ಅವರ ಪ್ಯಾನ್ ಹಾಕಲು ಅವಕಾಶ ಇದೆ. ಅವರ ರಿಟರ್ನಿನಲ್ಲೂ ಅಷ್ಟನ್ನು ಬೇರೆಯವರಿಗೆ ಬಿಟ್ಟಿದ್ದು ಅಂತ ತೋರಿಸಬೇಕು. ಅವರು ಹೋದ ಮೇಲೆ ಬಂದ ವಿಮೆ ಕಮಿಷನ್ ನನ್ನ ಆದಾಯ. ಅವರ ಜೀವವಿಮೆಯ ಕ್ಲೇಮ್ ಹಣಕ್ಕೆ ಮಾತ್ರ ತೆರಿಗೆ ಇಲ್ಲ.

ಎಲ್ಲ ಕೂಡಿಸಿದಾಗ ತೆರಿಗೆಯ ಆದಾಯ 7 ಲಕ್ಷದ ಗಡಿ ಸ್ವಲ್ಪ ದಾಟಿತು. ಆ ವರ್ಷ ಹೊಸ ತೆರಿಗೆ ಪದ್ಧತಿಯಲ್ಲಿ 7 ಲಕ್ಷದವರೆಗೆ ಪೂರ್ತಿ ರಿಯಾಯಿತಿ ಇತ್ತು, ನಮಗೆ ಅದು ತಪ್ಪಿತು. ಕಟ್ ಆಗಿದ್ದ ಟಿಡಿಎಸ್ ಕಳೆದರೆ ಉಳಿದ ಬಾಕಿ ನಾಲ್ಕು ಸಾವಿರದ ಒಳಗೆ. ಇಷ್ಟಕ್ಕೆ ಎಷ್ಟು ರಾತ್ರಿ ನಿದ್ದೆಗೆಟ್ಟೆ! ಹಣ ಕಟ್ಟುವಾಗ ಚಲನ್ ಅವರ ಪ್ಯಾನ್‌ನಲ್ಲೇ ಇರಬೇಕು, ನಮ್ಮದರಲ್ಲಿ ಅಲ್ಲ. ಲಾಗಿನ್ ಇಲ್ಲದೆಯೂ ಪೋರ್ಟಲ್‌ನಲ್ಲಿ ಪ್ಯಾನ್ ಮತ್ತು ಯಾವುದಾದರೂ ಒಂದು ಮೊಬೈಲ್ ನಂಬರ್ ಕೊಟ್ಟು ಕಟ್ಟಬಹುದು. ವರ್ಷ ಆರಿಸುವಾಗ ಹುಷಾರು. 2024-25ರ ಆದಾಯಕ್ಕೆ ಅಸೆಸ್‌ಮೆಂಟ್ ವರ್ಷ, ಅಂದರೆ ಲೆಕ್ಕ ಒಪ್ಪಿಸುವ ಮುಂದಿನ ವರ್ಷ, 2025-26.

2025ರಲ್ಲಿ ಜುಲೈ 31ರ ಗಡುವನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದರು, ಕೊನೆಗೆ ಇನ್ನೊಂದು ದಿನ ಕೊಟ್ಟರು. ನಾವು ಆ ನೂಕುನುಗ್ಗಲಿಗೆ ಮುಂಚೆಯೇ ಹಾಕಿದ್ದೆವು. ಗಡುವು ತಪ್ಪಿದರೂ ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್ ಹಾಕಬಹುದು. ಆದಾಯ 5 ಲಕ್ಷದೊಳಗಿದ್ದರೆ ಸಾವಿರ, ಮೇಲಿದ್ದರೆ 5 ಸಾವಿರ ದಂಡ. ಹಾಕಿದ ಮೇಲೆ 30 ದಿನದೊಳಗೆ ದೃಢೀಕರಿಸಬೇಕು. ಒಟಿಪಿ ಬರೋದು ನಮ್ಮ ಆಧಾರ್‌ಗೆ ಜೋಡಿಸಿದ ಫೋನಿಗೆ.

ಖರ್ಚಿನ ಮಾತು. ಛಾಪಾ ಕಾಗದ, ನೋಟರಿ, ಅನುವಾದ, ಜೆರಾಕ್ಸ್ ಸೇರಿ ಎರಡು ಸಾವಿರದ ಹತ್ತಿರ. ಆಡಿಟರ್ ಫೀಸ್ ಅದಕ್ಕಿಂತ ಜಾಸ್ತಿ, ಆದರೆ ಕೊಟ್ಟದ್ದಕ್ಕೆ ಬೇಸರವಿಲ್ಲ. ಬರೀ ಬಡ್ಡಿ, ಪಿಂಚಣಿ ಇದ್ದವರಿಗೆ ಆಡಿಟರ್ ಬೇಕೇಬೇಕು ಅಂತಿಲ್ಲ. ನಮ್ಮ ಥರ ನಾಲ್ಕು ಕಡೆಯ ಆದಾಯ ಇದ್ದರೆ ಒಬ್ಬರನ್ನು ಹಿಡಿಯುವುದೇ ಒಳ್ಳೆಯದು. ಅವರು ತುಂಬಿದ ಪ್ರತಿಯೊಂದು ಸಂಖ್ಯೆ ಎಲ್ಲಿಂದ ಬಂತು ಅಂತ ಕೇಳಿ, ಕೇಳುವುದಕ್ಕೆ ಸಂಕೋಚ ಬೇಡ.

ಕಳೆದ ವಾರ ಮೇಲ್ ಬಂತು. ನಾವು ತೋರಿಸಿದ ಲೆಕ್ಕ, ಇಲಾಖೆಯ ಲೆಕ್ಕ ಅಕ್ಕಪಕ್ಕದ ಎರಡು ಕಾಲಂನಲ್ಲಿ. ಎರಡೂ ಒಂದೇ. ಕಟ್ಟಬೇಕಾದ್ದು ಸೊನ್ನೆ, ಬರಬೇಕಾದ್ದು ಸೊನ್ನೆ. ಪ್ಯಾನ್ ಕಾರ್ಡ್ ಇನ್ನೂ ವಾಪಸ್ ಕೊಟ್ಟಿಲ್ಲ. ಡಿಮ್ಯಾಟ್ ಷೇರು ನನ್ನ ಹೆಸರಿಗೆ ಬರುವವರೆಗೆ ಇರಲಿ ಅಂತ ಆಡಿಟರ್ ಹೇಳಿದ್ದಾರೆ. ತೋಟದ ಪೌತಿ ಖಾತೆಗೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು) ಮೈದುನನೇ ಅರ್ಜಿ ಹಾಕಿದ್ದಾನೆ. ಅತ್ತೆಯ ಸಹಿ, ನನ್ನ ಸಹಿ ಆಗಿದೆ, ಸರ್ವೆಯವರ ವರದಿ ಬರಬೇಕು.